ಕಪ್ಪೆಯಕ್ಕನ ತಣ್ಣನೆಯ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾಲಯದ ನೆಲಮಾಳಿಗೆಯ ಉದ್ದನೆಯ ಕೋಣೆಯಲ್ಲಿ ಆಕೆ ಎರಡೂ ಕೈಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮೊಣಕೈವರೆಗೆ ಅದ್ದಿಕೊಂಡು ನಿಂತಿದ್ದಾರೆ. ಹೊರಗೆ ಮೈ ಕೊರೆಯುವ ಚಳಿ, ಒಳಗೂ ಅದೇ. ಅವರ ಬಗ್ಗೆ ಬರೆಯಲು ಬಂದ ನಾನು ಸ್ವೆಟರಿನ ತೋಳು ಎಳೆದುಕೊಳ್ಳುವುದನ್ನು ಕಂಡು ಅವರಿಗೆ ನಗು.

“ಬಿಸಿ ಕೈ ಹಾಕಿದ್ರೆ ಅವು ಬೆಚ್ಚಿಬೀಳ್ತವೆ. ನಮ್ಮ ಕೈ ಮೊದ್ಲು ಅವುಗಳ ನೀರಿನಷ್ಟೇ ತಣ್ಣಗಾಗ್ಬೇಕು. ಆಮೇಲೆ ಮಾತುಕತೆ.”

ಅವು ಅಂದರೆ ಕಪ್ಪೆಗಳು. ಗೋಡೆಯುದ್ದಕ್ಕೂ ಜೋಡಿಸಿದ ಗಾಜಿನ ತೊಟ್ಟಿಗಳಲ್ಲಿ ನೂರರ ಆಸುಪಾಸು ಹೆಣ್ಣು ಕಪ್ಪೆಗಳಿವೆ. ಸದಾ ನೀರಿನಲ್ಲೇ ಬದುಕುವ ಜಾತಿ. ಎಲ್ಲವೂ ಯಾರ ಮೇಲೋ ಮುನಿಸಿಕೊಂಡ ಹಾಗೆ ಕೂತಿವೆ. ಇವುಗಳನ್ನು ನೋಡಿಕೊಳ್ಳುವ ಈಕೆಗೆ ಇಡೀ ಕಟ್ಟಡದಲ್ಲಿ ಇರುವುದು ಒಂದೇ ಹೆಸರು, ಕಪ್ಪೆಯಕ್ಕ. ಮೇಲಿನ ಮಹಡಿಯ ಸಂಶೋಧಕರಿಗೆ ಫೋಟೊ, ಚಪ್ಪಾಳೆ ಎಲ್ಲ ಸಿಗುತ್ತದೆ. ಕೆಳಗೆ ನೀರು ಬದಲಿಸುವವರತ್ತ ಯಾರೂ ತಿರುಗಿ ನೋಡುವುದಿಲ್ಲ. ನನಗೆ ಇದು ಸಿಟ್ಟು ತರಿಸುತ್ತದೆ. ಆಕೆಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿಲ್ಲ.

ನಲ್ಲಿಯ ನೀರನ್ನು ನೇರವಾಗಿ ಸುರಿಯುವಂತಿಲ್ಲ. ಕ್ಲೋರಿನ್ನಿನ ವಾಸನೆ ಹೋಗಲು ಅದು ತೆರೆದ ಡ್ರಮ್ಮಿನಲ್ಲಿ ಕೂರಬೇಕು. ಹಳೆಯ ನೀರು ತೆಗೆದು, ಕೂತ ನೀರು ತುಂಬಿ, ಪ್ರತಿ ತೊಟ್ಟಿಯ ಉಷ್ಣಮಾಪಕಕ್ಕೂ ಕಣ್ಣು ಹಾಯಿಸಿ, ಮೇವು ಹಾಕುವ ಹೊತ್ತಿಗೆ ಬಿಸಿಲು ಮೇಲೇರಿರುತ್ತದೆ. ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು ಮೊಟ್ಟೆ ತೆಗೆದ ಕಪ್ಪೆಗಳು ಬೇರೆ ಸಾಲಿನಲ್ಲಿವೆ. ಹೊಟ್ಟೆಯ ಹೊಲಿಗೆ ಮಾಯ್ದ ಮೇಲೂ ಅವಕ್ಕೆ ತಿಂಗಳುಗಟ್ಟಲೆ ವಿಶ್ರಾಂತಿ. “ಬಾಣಂತನ,” ಅನ್ನುತ್ತಾರೆ ಕಪ್ಪೆಯಕ್ಕ.

ಕಪ್ಪೆಯ ಮೊಟ್ಟೆಗೂ ಮನುಷ್ಯರ ಮೂರ್ಛೆರೋಗಕ್ಕೂ ಎಲ್ಲಿಯ ನಂಟು? ನಮ್ಮ ನರಕೋಶಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಕೆಲವು ಪೊಟ್ಯಾಸಿಯಂ ಅನ್ನು ಮಾತ್ರ ಹೊರಗೆ ಬಿಡುತ್ತವೆ. ಸುದ್ದಿ ಕಳಿಸಿ ಕೆರಳಿದ ಕೋಶವನ್ನು ಸಮಾಧಾನ ಮಾಡಿ ಕೂರಿಸುವುದು ಈ ಬಾಗಿಲುಗಳ ಕೆಲಸ. ಹುಟ್ಟಿನಿಂದಲೇ ಇವು ಕೆಟ್ಟಿದ್ದರೆ ಫಿಟ್ಸ್, ನಡಿಗೆಯಲ್ಲಿ ಓಲಾಟದಂಥ ತೊಂದರೆಗಳು ಬರುತ್ತವೆ. ಕೆಲವರಲ್ಲಿ ಬಾಗಿಲು ಸರಿಯಾಗಿ ತೆರೆಯುವುದಿಲ್ಲ, ಕೆಲವರಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಫಿಟ್ಸೇ, ಆದರೆ ಒಂದಕ್ಕೆ ಒಗ್ಗುವ ಮಾತ್ರೆ ಇನ್ನೊಂದಕ್ಕೆ ತಿರುಗುಬಾಣವಾಗಬಹುದು. ಅದಕ್ಕೇ ರೋಗಿಯ ಜೀನಿನ ನಕಲನ್ನು ಕಪ್ಪೆಯ ಮೊಟ್ಟೆಯೊಳಗೆ ಸೇರಿಸುತ್ತಾರೆ. ಮೊಟ್ಟೆ ತನ್ನ ಮೈಮೇಲೆ ಅದೇ ಬಾಗಿಲು ಕಟ್ಟಿಕೊಳ್ಳುತ್ತದೆ. ಗಾಜಿನ ಸೂಜಿ ಚುಚ್ಚಿ ವಿದ್ಯುತ್ತು ಅಳೆದರೆ ಬಾಗಿಲ ಗುಟ್ಟು ರಟ್ಟಾಗುತ್ತದೆ.

ಕಪ್ಪೆಯಕ್ಕನ ಬಲಭುಜ ಎಡಕ್ಕಿಂತ ಕೊಂಚ ಕೆಳಗಿದೆ. ಬಕೆಟ್ ಹೊತ್ತೇ ಹೀಗಾಯಿತೆಂದು ನಾನು ಅಂದುಕೊಂಡಿದ್ದೆ. “ಅಲ್ಲ, ನಿದ್ದೆ ಮಾಡಿ,” ಎಂದು ನಗುತ್ತಾರೆ. ಅವರ ತಮ್ಮನಿಗೆ ಹಸುಗೂಸಾಗಿದ್ದಾಗಿನಿಂದ ಫಿಟ್ಸ್. ಅಮ್ಮ ಅವನ ಮಣಿಕಟ್ಟು ಹಿಡಿದೇ ಮಲಗುತ್ತಿದ್ದರು. ಅಮ್ಮ ಹೋದ ಮೇಲೆ ಆ ಮಣಿಕಟ್ಟು ಅಕ್ಕನ ಕೈಗೆ ಬಂತು. “ಕೈಯಲ್ಲಿ ಸಣ್ಣಗೆ ಎಳೆತ ಶುರುವಾದ್ರೆ ಸಾಕು, ನಂಗೆ ಎಚ್ಚರ. ಅಲ್ಲಿಂದ ಇಲ್ಲಿವರೆಗೂ ಒಂದೇ ಮಗ್ಗುಲು.”

ಮೊದಲು ಆಕೆ ಪಕ್ಕದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಇಲ್ಲಿ ಫಿಟ್ಸಿನ ಮೇಲೆ ಸಂಶೋಧನೆ ನಡೆಯುತ್ತದೆಂದು ಕಿವಿಗೆ ಬಿದ್ದದ್ದೇ ತಡ, ಯಾರಿಗೂ ಬೇಡವಾಗಿದ್ದ ಕಪ್ಪೆ ಕೆಲಸ ಕೇಳಿ ಪಡೆದರು. ತಮ್ಮನ ಬಾಗಿಲನ್ನೂ ನೋಡಿ ಎಂದು ಮೇಲಿನ ಮಹಡಿಯ ಸಂಶೋಧಕಿಯೊಬ್ಬರ ಬೆನ್ನು ಹತ್ತಿದರು. ದೊಡ್ಡವರ ಸರದಿ ಈಗಿಲ್ಲ, ಮಕ್ಕಳು ಮೊದಲು ಎಂಬ ಉತ್ತರ ಬಂತು. ಮರುದಿನ ಮತ್ತೆ ಕೇಳಿದರು, ಅದರ ಮರುದಿನವೂ ಕೇಳಿದರು. ಕೊನೆಗೆ ಸಂಶೋಧಕಿಯೂ ತಮ್ಮನ ವೈದ್ಯರೂ ಒಪ್ಪಿದರು, ರಕ್ತಪರೀಕ್ಷೆಯಾಯಿತು, ಪೊಟ್ಯಾಸಿಯಂ ಬಾಗಿಲಿನ ಜೀನಿನಲ್ಲೇ ಐಬು ಸಿಕ್ಕಿತು.

ಆಗಲೇ ಎಡವಟ್ಟಾದದ್ದು. ತಮ್ಮನ ಪಾಲಿಗೆಂದು ಕಪ್ಪೆಯಕ್ಕ ಎಲ್ಲಕ್ಕಿಂತ ದುಂಡಗಿದ್ದ ಕಪ್ಪೆಯನ್ನು ಆರಿಸಿದರು. ಚಳಿಗಾಲ ಬೇರೆ. ಪಾಪ ಅನ್ನಿಸಿ ಅದರ ತೊಟ್ಟಿಯ ಪಕ್ಕ ಹೀಟರ್ ಇಟ್ಟರು. ಬೆಚ್ಚಗಿನ ನೀರಿನಲ್ಲಿ ಈ ಕಪ್ಪೆಗಳ ಮೊಟ್ಟೆ ಕೆಡುತ್ತದೆ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕರುಳು ಕೇಳಬೇಕಲ್ಲ. ಸೂಜಿ ತಾಗಿದ ಮೊಟ್ಟೆಗಳೆಲ್ಲ ಸೋರಿಹೋದವು. ತಯಾರಿಸಿಟ್ಟಿದ್ದ ಜೀನಿನ ನಕಲು ಪೂರ್ತಿ ಮುಗಿಯಿತು. ಮೇಲೆ ಎಲ್ಲರೂ ಸೂಜಿಯನ್ನು ಬೈಯುತ್ತಿದ್ದಾಗ ಆಕೆ ಮೆಟ್ಟಿಲು ಹತ್ತಿ ಹೋದರು.

“‘ಮೇಡಂ, ಸೂಜಿನ ಬಿಡಿ. ತಪ್ಪು ನಂದು. ಮುದ್ದು ಮಾಡಿ ಕೆಡಿಸ್ದೆ,’ ಅಂದೆ. ಅವ್ರು ಬೈಯಲಿಲ್ಲ. ‘ಸರದಿ ಹಿಂದಕ್ಕೆ ಹೋಗುತ್ತೆ ಅಕ್ಕ,’ ಅಂದ್ರು. ಬೈದಿದ್ರೇ ಚೆನ್ನಾಗಿತ್ತು.”

ಆ ರಾತ್ರಿ ತಮ್ಮನಿಗೆ ಫಿಟ್ಸ್ ಬಂತು. ಮಣಿಕಟ್ಟು ಹಿಡಿದುಕೊಂಡೇ ಅತ್ತುಬಿಟ್ಟೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬೆಳಗ್ಗೆ ಎದ್ದು ಕೆಲಸಕ್ಕೆ ಬಂದರು. ಹೀಟರನ್ನು ಉಗ್ರಾಣಕ್ಕೆ ವಾಪಸು ಕೊಟ್ಟರು. ತಮ್ಮನ ಸರದಿ ಮತ್ತೆ ಬಂದಾಗ ಯಾವ ದಿನ, ಯಾವ ಕಪ್ಪೆ ಎಂದು ತನಗೆ ಹೇಳಲೇಬಾರದೆಂದು ಸಂಶೋಧಕಿಯಿಂದ ಮಾತು ತೆಗೆದುಕೊಂಡರು. “ಗೊತ್ತಾದ್ರೆ ಮತ್ತೆ ಏನಾದ್ರೂ ಮಾಡಿಬಿಡ್ತೀನಿ. ಇಲ್ಲಿ ಯಾರದ್ದೂ ಸ್ವಂತ ಕಪ್ಪೆ ಇಲ್ಲ. ಎಲ್ಲಕ್ಕೂ ಒಂದೇ ನೀರು.”

ಹೋದ ತಿಂಗಳು ಉತ್ತರ ಸಿಕ್ಕಿದೆ. ತಮ್ಮನ ಬಾಗಿಲು ಸರಿಯಾಗಿ ಮುಚ್ಚುವುದೇ ಇಲ್ಲ. ಇಷ್ಟು ವರ್ಷ ನುಂಗಿದ ಮಾತ್ರೆಗಳಲ್ಲಿ ಒಂದು ಅವನಿಗೆ ಹೊಂದುವಂಥದ್ದಲ್ಲ. ವೈದ್ಯರು ಅದನ್ನು ನಿಧಾನವಾಗಿ ಇಳಿಸುತ್ತ ಹೊಸದನ್ನು ಏರಿಸುತ್ತಿದ್ದಾರೆ.

ಸಂಜೆ ಅವರ ಮನೆಗೆ ಹೋಗುತ್ತೇನೆ. ಒಂದೇ ಕೋಣೆ. ಗೋಡೆಗೆ ತಾಗಿ ಅಕ್ಕನ ಮಂಚ, ಅದಕ್ಕೆ ತಾಗಿ ತಮ್ಮನದು. ನಲವತ್ತು ದಾಟಿದ ತಮ್ಮ ನೆಲದ ಮೇಲೆ ಕೂತು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದಾರೆ. ನಿಮಗೆ ಏನು ಆಸೆ ಎಂದು ಕಪ್ಪೆಯಕ್ಕನನ್ನು ಕೇಳುತ್ತೇನೆ.

“ಒಂದು ರಾತ್ರಿ ಗೋಡೆ ಕಡೆ ತಿರುಗಿ ಮಲಗ್ಬೇಕು. ಅಷ್ಟೇ.”

“ಇವತ್ತೇ ತಿರುಗ್ಕೋ ಅಕ್ಕ,” ಎನ್ನುತ್ತಾರೆ ತಮ್ಮ, ಬೆತ್ತದಿಂದ ಕಣ್ಣೆತ್ತದೆ. “ಅದೇನು ಕೈಯೋ, ಮಂಜುಗಡ್ಡೆಯೋ! ನಂಗೂ ಬಿಡುಗಡೆ.”

“ಸುಮ್ನಿರೋ, ಕಂಡಿದ್ದೀನಿ!” ಅಕ್ಕ ಗದರುತ್ತಾರೆ. ಆಮೇಲೆ ನನ್ನತ್ತ ತಿರುಗುತ್ತಾರೆ. “ಗುಣ ಆಗುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ತಡೀಲಾರ್ದೆ ಒಂದ್ಸಲ ಕೆಡಿಸಿದ್ದಾಯ್ತು, ಈ ಸಲ ಕಾಯ್ತೀನಿ. ಗೋಡೆ ಎಲ್ಲಿಗೂ ಓಡಿಹೋಗಲ್ಲ.”