ಗೋವಿಂದಣ್ಣನ ಶ್ರುತಿ, ನನ್ನ ಮೂಗು

ತಪ್ಪು ನನ್ನ ಮೂಗಿನದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ನಾನು ಇನ್ನೂ ದೊಡ್ಡ ಪೆದ್ದನಾಗಿ ಕಾಣುತ್ತೇನೆ. ಒಂದು ಭಾನುವಾರ ಸಂಜೆ, ಉಜ್ಜಿಕೊಳ್ಳಬಾರದ ಹೊತ್ತಿನಲ್ಲಿ ನಾನು ಮೂಗು ಉಜ್ಜಿಕೊಂಡೆ. ಅಷ್ಟಕ್ಕೇ ಒಬ್ಬ ಮನುಷ್ಯನ ಹಾಡು ನಿಂತುಹೋಯಿತು.

ಆ ಮನುಷ್ಯ ಗೋವಿಂದಣ್ಣ. ಕಿಬ್ಬನಹಳ್ಳಿ ಕ್ರಾಸಿನಿಂದ ತುರುವೇಕೆರೆ ಕಡೆಗೆ ತಿರುಗಿ ಸ್ವಲ್ಪ ದೂರ ಹೋದರೆ, ತೆಂಗಿನ ತೋಟದ ಅಂಚಿಗೆ ಸೋಗೆ ಹೊದಿಸಿದ ಅವನ ಹೋಟೆಲ್ಲು. ವಾರವೆಲ್ಲ ಅಲ್ಲಿ ಇಡ್ಲಿ, ಚಿತ್ರಾನ್ನ, ಲಾರಿಯವರ ಬೈಗುಳ. ಭಾನುವಾರ ಸಂಜೆ ಮಾತ್ರ ಮುದ್ದೆ, ನಾಟಿಕೋಳಿ ಸಾರು, ಜೊತೆಗೆ ಕರೋಕೆ. ಮೊಬೈಲಿನಿಂದ ದೊಡ್ಡ ಸ್ಪೀಕರಿಗೆ ಹಾಡಿನ ಮ್ಯೂಸಿಕ್ಕು ಬರುತ್ತದೆ. ಹಾಡನ್ನು ನಾವೇ ಹಾಡಿಕೊಳ್ಳಬೇಕು. ಕಾಯಿ ಸುಲಿಯುವವರು, ಮೇಷ್ಟ್ರುಗಳು, ಹೆಂಡತಿ ಮಕ್ಕಳನ್ನು ಬೈಕಿನಲ್ಲಿ ಪೇರಿಸಿಕೊಂಡು ಬಂದವರು, ಯಾರು ಬೇಕಾದರೂ ಮೈಕು ಹಿಡಿಯಬಹುದಿತ್ತು. ಆದರೆ ಜನ ಕಾಯುತ್ತಿದ್ದುದು ಗೋವಿಂದಣ್ಣನಿಗೆ. ಸಾರಿನ ಸೌಟು ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಂಡು ಬಂದು, ಎಡಗೈಯನ್ನು ಸ್ಪೀಕರ್ ಡಬ್ಬದ ಮೇಲೆ ಅಗಲವಾಗಿ ಊರಿ ಕಣ್ಣು ಮುಚ್ಚುತ್ತಿದ್ದ. ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವವರ ಹಾಗೆ. ಆಮೇಲೆ ಹಾಡು. ಮುದ್ದೆ ಮುರಿಯುತ್ತಿದ್ದ ಕೈಗಳು ಅಲ್ಲೇ ನಿಲ್ಲುತ್ತಿದ್ದವು.

ಹಾಡುಗಳ ನಡುವೆ ನನ್ನ ಮಿಮಿಕ್ರಿ. ನಾನು ತುರುವೇಕೆರೆಯ ಮೊಬೈಲ್ ಅಂಗಡಿಯೊಂದರಲ್ಲಿ ಕೂರುವವನು. ಗಿರಾಕಿಗಳ ದನಿ ಕದಿಯುವುದು ನನ್ನ ಉಪಕಸುಬು. ಬಸ್ಸಿನ ಕಂಡಕ್ಟರು, ದನದ ಡಾಕ್ಟರು, ಕೊನೆಗೆ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಅದಕ್ಕೇ ಗೋವಿಂದಣ್ಣ ನನಗೆ ಗಿಣಿ ಎಂದು ಹೆಸರಿಟ್ಟಿದ್ದ. ಆ ಸಂಜೆಗಳಲ್ಲಿ ನನ್ನ ಮಿಮಿಕ್ರಿ ಉಪ್ಪಿನಕಾಯಿ ಇದ್ದ ಹಾಗೆ: ಯಾರೂ ಕೇಳಿ ಹಾಕಿಸಿಕೊಳ್ಳುತ್ತಿರಲಿಲ್ಲ, ಹಾಕಿದರೆ ಎಲೆಯ ಅಂಚಿಗೆ ತಳ್ಳುತ್ತಿದ್ದರು. ಗೋವಿಂದಣ್ಣ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಾಲ್ಲೂಕಿಗೆಲ್ಲ ಕಲೆಯ ರುಚಿ ಗೊತ್ತಿರುವವನು ಇವನೊಬ್ಬನೇ ಎಂದು ನಾನು ನಂಬಿಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನವೇ ಹೋದೆ. ಹೋಟೆಲ್ಲಿನಲ್ಲಿ ಗಿರಾಕಿ ಇರಲಿಲ್ಲ. ಗೋವಿಂದಣ್ಣ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಸ್ಪೀಕರನ್ನು ತಬ್ಬಿ, ಹಣೆಯನ್ನು ಅದಕ್ಕೆ ಒತ್ತಿಕೊಂಡಿದ್ದ. ಹುಡುಗರು ಕೇಳುತ್ತಿದ್ದ ಹೊಸ ಹಾಡೊಂದರ ಒಂದೇ ತುಂಡು ಮತ್ತೆ ಮತ್ತೆ ಬರುತ್ತಿತ್ತು. ನಾನು ಹಿಂದೆ ನಿಂತು ಅವನದೇ ದನಿಯಲ್ಲಿ "ಲೇ ಗಿಣಿ" ಎಂದೆ. ತಿರುಗಲಿಲ್ಲ. ಕಂಡಕ್ಟರ ದನಿಯಲ್ಲಿ ಕೂಗಿದೆ. ಇಲ್ಲ. ಕೊನೆಗೆ ಅವನ ಹೆಂಡತಿ ಜಯಕ್ಕನ ದನಿಯಲ್ಲಿ "ಏನ್ರೀ, ಸಾರು ಸೀದೋಯ್ತು!" ಎಂದು ಕಿರುಚಿದೆ. ಆ ದನಿಗೆ ಪಕ್ಕದ ತೋಟದವರೇ ಎದ್ದು ನಿಲ್ಲುತ್ತಾರೆ. ಗೋವಿಂದಣ್ಣ ಅಲುಗಲಿಲ್ಲ.

ಯಾಕೋ ಅವನು ತಿರುಗಿದಾಗ ನನ್ನ ಬಾಯಿ ಇನ್ನೂ ತೆರೆದೇ ಇತ್ತು.

"ಕೂಗುದ್ಯಾ?" ಎಂದ.

"ಊಂ."

"ಯಾರ ದನೀಲಿ?"

"ಜಯಕ್ಕನ್ ದನೀಲಿ."

ಅವನ ಮುಖ ಕಪ್ಪಿಟ್ಟಿತು. "ಹಂಗಾರೆ ಗೊತ್ತಾಯ್ತು ಬುಡು ನಿಂಗೆ."

ಹರೆಯವೆಲ್ಲ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಕಾಯಿ ಸಿಪ್ಪೆಯ ಮಟ್ಟೆ ಕುಟ್ಟುವ ಮಿಷನ್ನಿನ ಮುಂದೆ ನಿಂತವನು ಅವನು. "ಮಟ್ಟೆ ಜೊತೆ ನನ್ ಕಿವೀನೂ ಕುಟ್ಟಾಕ್ಬುಡ್ತು ಕಣ್ಲಾ" ಎಂದ. ಮೊದಮೊದಲು ಸಣ್ಣ ಸದ್ದು ಹೋದವು, ಆಮೇಲೆ ಮಾತು, ಈಗ ಎಲ್ಲವೂ. ತಿಪಟೂರಿನಲ್ಲಿ ಕಿವಿಗೆ ಹಾಕುವ ಮಿಷನ್ನೂ ತಂದಿದ್ದನಂತೆ. "ಹಾಕ್ಕಂಡ್ರೆ ತಲೆಯೊಳ್ಗೆ ಯಾರೋ ತಟ್ಟೆ ತೊಳ್ದಂಗಾಯ್ತದೆ. ಹಾಡು ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ."

"ಮತ್ತೆ ನಾನು ಮಾತಾಡಾದು ಹೆಂಗ್ ಗೊತ್ತಾಯ್ತದೆ?"

"ಊರೋರೆಲ್ಲ ಬಾಯೊಳ್ಗೇ ಮಾತಾಡ್ತಾರೆ. ನೀನು ಎಮ್ಮೆ ಆಕಳಿಸ್ದಂಗೆ ಬಾಯಿ ಬುಡ್ತೀಯಲ್ಲ, ತುಟಿ ನೋಡುದ್ರೆ ಸಾಕು, ಸಲೀಸು."

ಆಗ ನನಗೆ ಹೊಳೆದದ್ದು, ನಾಚಿಕೆಗೇಡು ನೋಡಿ, ಅವನ ಕಿವಿಯ ಚಿಂತೆಯಲ್ಲ. ನನ್ನ ಮಿಮಿಕ್ರಿಯ ಚಿಂತೆ. "ಹಂಗಾರೆ ಇಷ್ಟು ದಿನ ನನ್ ಮಿಮಿಕ್ರಿಗೆ ಯಾಕಣ್ಣ ನಗ್ತಿದ್ದೆ?"

"ಕೇಳುಸ್ಕಂಡೋರು ಯಾರೂ ನಗ್ತಿರ್ಲಿಲ್ವಲ್ಲ, ಅದ್ಕೆ."

ಇದನ್ನು ಯಾರಿಗೂ ಹೇಳಬಾರದೆಂದು ನನ್ನ ಕೈ ಹಿಡಿದುಕೊಂಡ. ಹೇಳಿದರೆ ಏನಾಯಿತು ಎಂದು ಕೇಳಿದೆ. "ಆಮೇಲೆ ಹಾಡು ಕೇಳಕ್ಕೆ ಬರಲ್ಲ ಕಣ್ಲಾ, ಪಾಪ ಅನ್ನಕ್ಕೆ ಬತ್ತಾರೆ. ಪಾಪ ಅನ್ನೋರು ಎಲ್ಡನೇ ಮುದ್ದೆ ಹಾಕುಸ್ಕಣಲ್ಲ." ನಗುತ್ತಲೇ ಹೇಳಿದ. ಆದರೆ ಹಿಡಿದ ಕೈ ಬಿಡಲಿಲ್ಲ. "ನನ್ ತಲೇಲಿ ಹಾಡು ಇನ್ನೂ ಹಂಗೇ ಅವೆ. ಹಾಡ್ತಾ ಇದ್ರೆ ಇರ್ತವೆ. ಬುಟ್ರೆ ಒಂದೊಂದೇ ಅಳಿಸ್ಕಂಡೋಯ್ತವೆ. ಆಮೇಲೆ ಒಳ್ಗೂ ಏನೂ ಇರಲ್ಲ, ಹೊರ್ಗೂ ಏನೂ ಇರಲ್ಲ. ಹೆಂಗ್ಲಾ ಇರಾದು?"

ದಿನಾ ಬೆಳಿಗ್ಗೆ ಅವನು ಒಂದು ಸಾಲು ಹಾಡಿ ಜಯಕ್ಕನ ಮುಖ ನೋಡುತ್ತಿದ್ದನಂತೆ. ಅವಳು ಹೇಗಿದ್ದರೂ "ಹಂಗೇ ಐತೆ" ಎಂದು ತಲೆ ಆಡಿಸುತ್ತಿದ್ದಳಂತೆ. ಇತ್ತೀಚೆಗೆ ಅವಳು ತಲೆ ಆಡಿಸುವುದು ಜಾಸ್ತಿ ಜೋರಾಗಿದೆ, ಅದೇ ಹೆದರಿಕೆ ಎಂದ.

ಹಾಗೆ ಹುಟ್ಟಿತು ನಮ್ಮ ಗುಟ್ಟಿನ ವ್ಯವಸ್ಥೆ. ಅವನು ಹಾಡುವಾಗ ನಾನು ಎದುರಿನ ಮೇಜಿನಲ್ಲಿ ಕೂತು ಮ್ಯೂಸಿಕ್ಕಿಗೆ ಸರಿಯಾಗಿ ಬಾಯಾಡಿಸಬೇಕು. ಶ್ರುತಿ ಇಳಿದರೆ ಮೂಗು ಮುಟ್ಟಬೇಕು, ಅವನು ಏರಿಸುತ್ತಾನೆ. ಏರಿದರೆ ಗದ್ದ ಮುಟ್ಟಬೇಕು, ಇಳಿಸುತ್ತಾನೆ. ಕಿವಿ ಮುಟ್ಟುತ್ತೇನೆ, ಸುಲಭ ಎಂದಿದ್ದೆ. "ಥೂ, ಕಿವಿ ಬ್ಯಾಡ. ಜನಕ್ಕೆ ಅನುಮಾನ ಬತ್ತದೆ" ಎಂದ. ಅಂದಿನಿಂದ ಅವನು ಕಣ್ಣು ಮುಚ್ಚಿ ಹಾಡುವುದನ್ನು ಬಿಟ್ಟ. ಕಣ್ಣು ನನ್ನ ಮುಖದಿಂದ ಕದಲುತ್ತಿರಲಿಲ್ಲ. ಜೀವನದಲ್ಲಿ ನನ್ನನ್ನು ಅಷ್ಟು ಆಸೆಯಿಂದ ಯಾರೂ ನೋಡಿಲ್ಲ. ಹೆಣ್ಣು ನೋಡಲು ಹೋದ ಎರಡು ಮನೆಯಲ್ಲಿ ಅಂತೂ ಇಲ್ಲವೇ ಇಲ್ಲ.

ಕೆಲವು ಭಾನುವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಅರಳಗುಪ್ಪೆ ಕಡೆಯ ಮೇಷ್ಟ್ರೊಬ್ಬರು ನಿವೃತ್ತರಾದ ಖುಷಿಗೆ ಬಳಗವನ್ನೆಲ್ಲ ಊಟಕ್ಕೆ ಕರೆತಂದರು. ಕೂರಲು ಜಾಗವಿಲ್ಲದೆ ಹುಡುಗರು ತೆಂಗಿನ ಮರಕ್ಕೆ ಒರಗಿ ನಿಂತಿದ್ದರು. ಅವತ್ತು ಗೋವಿಂದಣ್ಣ, ಸ್ಪೀಕರಿನ ಅದುರು ಹಿಡಿದು ಅಂಗೈಯಲ್ಲೇ ಕಲಿತ ಆ ಹೊಸ ಹಾಡು ಎತ್ತಿಕೊಂಡ. ಒಂದು ಸಲವೂ ಕಿವಿಯಲ್ಲಿ ಕೇಳದ ಹಾಡು. ಮೊದಲ ಚರಣ ಎಲ್ಲೂ ತಪ್ಪಲಿಲ್ಲ. ನಾನು ಮೂಗು ಗದ್ದ ಯಾವುದನ್ನೂ ಮುಟ್ಟಬೇಕಾಗಲಿಲ್ಲ. ಮೇಷ್ಟ್ರು ತಿನ್ನುವುದು ನಿಲ್ಲಿಸಿ ಕೂತಿದ್ದರು.

ಅಷ್ಟರಲ್ಲಿ ಒಳಗೆ ಜಯಕ್ಕ ಒಣಮೆಣಸಿನಕಾಯಿ ಹುರಿಯಲು ಇಟ್ಟಳು, ಗಾಳಿ ನಮ್ಮ ಕಡೆಗೆ ತಿರುಗಿತು.

ಘಾಟು ನೇರ ನನ್ನ ಮೂಗಿಗೆ. ಸೀನು ತಡೆಯಲು ಮೂಗು ಉಜ್ಜಿದೆ. ಗೋವಿಂದಣ್ಣ ಶ್ರುತಿ ಏರಿಸಿದ. ಇನ್ನೊಂದು ಸಲ ಉಜ್ಜಿದೆ. ಇನ್ನೂ ಏರಿಸಿದ. ಅಯ್ಯೋ ಎಂದು ಗದ್ದ ಮುಟ್ಟಿದೆ, ಇಳಿಸಿದ. ಸೀನು ಬಂತು, ಕೈ ತಾನಾಗಿ ಮೂಗಿಗೆ ಹೋಯಿತು, ಮತ್ತೆ ಏರಿಸಿದ. ಕತ್ತಿನ ನರ ಉಬ್ಬಿ, ದನಿ ಸೀಳಿ, ಹುಂಜ ಕೂಗಿದ ಹಾಗಾಯಿತು. ಅವನಿಗೆ ಗೊತ್ತಿಲ್ಲ. ನನ್ನನ್ನು ನಂಬಿಕೊಂಡು ಏರುತ್ತಲೇ ಇದ್ದಾನೆ. ಮರಕ್ಕೆ ಒರಗಿದ್ದವರು ಮೊಬೈಲ್ ಎತ್ತಿ ಹಿಡಿದರು. ನಗು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ಮೇಷ್ಟ್ರೂ ನಕ್ಕರು.

ನಾನೂ ನಕ್ಕೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ತಡೆಯಲಾಗಲಿಲ್ಲ.

ಗೋವಿಂದಣ್ಣ ನಿಲ್ಲಿಸಿದ. ಮೈಕನ್ನು ಸ್ಪೀಕರಿನ ಮೇಲೆ ಮಲಗಿಸಿ, ಡಬ್ಬದಿಂದ ಕೈ ತೆಗೆದು, ಎಂಜಲೆಲೆ ಎತ್ತಲು ಬಗ್ಗಿದ. ಅವನ ಹಿಂದೆ ಹಾಡಿಲ್ಲದ ಮ್ಯೂಸಿಕ್ಕು ಒಂದೇ ಸಮ ಬರುತ್ತಿತ್ತು. ಅದು ಇನ್ನೂ ಬರುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ. ಹೋಗಿ ಆರಿಸುವ ಧೈರ್ಯ ನನಗೆ ಬರಲಿಲ್ಲ.

ವಿಡಿಯೊ ಊರೂರು ತಿರುಗಿತು. ಮುಂದಿನ ಭಾನುವಾರ ಎಂದಿಗಿಂತ ಹೆಚ್ಚು ಜನ ಬಂದರು. ಸಾರು ಬಡಿಸಲು ಬಂದ ಗೋವಿಂದಣ್ಣನನ್ನು ಕಂಡ ಕೂಡಲೇ ಕಿಸಿಕಿಸಿ ಎಂದರು. ಆಮೇಲಿನ ಭಾನುವಾರದಿಂದ ಅವನು ಹಿತ್ತಲು ಬಿಟ್ಟು ಹೊರಗೇ ಬರಲಿಲ್ಲ. ಸ್ಪೀಕರಿನ ಮೇಲೆ ಈಗ ತೊಳೆದ ತಟ್ಟೆ ಬೋರಲು ಹಾಕುತ್ತಾರೆ.

ಹೋದ ವಾರ ಜಯಕ್ಕ ನನ್ನ ಅಂಗಡಿಗೇ ಬಂದಳು. "ಹಾಡು ಬುಟ್ಟಾಗಿಂದ ಮಾತೂ ಬುಟ್ಟವ್ರೆ ಕಣಪ್ಪ. ನನ್ ಮುಖಾನೂ ನೋಡಲ್ಲ. ಮುಖ ನೋಡ್ದಿದ್ರೆ ನಾನು ಅವ್ರ ಜೊತೆ ಹೆಂಗ್ ಮಾತಾಡ್ಲಿ? ನೀನಾದ್ರೂ ಹೋಗಿ ಏನಾರ ಹೇಳು. ಸುಳ್ಳಾದ್ರೂ ಸೈ."

ಹೋದೆ. ಹಿತ್ತಲಲ್ಲಿ ಕಾಯಿ ತುರಿಯುತ್ತಿದ್ದ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವನು ತಲೆ ಎತ್ತುವವರೆಗೆ ಕಾದೆ. ಆಮೇಲೆ ಎಮ್ಮೆ ಆಕಳಿಸಿದ ಹಾಗೆ ಬಾಯಿ ಬಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಗೋವಿಂದಣ್ಣ, ಅವತ್ತು ಯಾರೂ ನಗ್ಲಿಲ್ಲ ಕಣಣ್ಣ. ಮೆಣಸಿನ್ಕಾಯಿ ಘಾಟಿಗೆ ಎಲ್ರೂ ಕೆಮ್ಮುದ್ರು. ನಾನೂ ಅಷ್ಟೇ, ಕೆಮ್ಮುದ್ದು. ಈ ಭಾನುವಾರ ಬಂದು ಹಾಡು."

ಅವನು ನನ್ನ ಮುಖವನ್ನು, ಅವತ್ತು ಹಾಡುವಾಗ ನೋಡಿದ ಹಾಗೆಯೇ, ನೋಡಿದ.

"ಕಿವಿ ಹೋಗೈತೆ ಕಣ್ಲಾ ಗಿಣಿ. ಕಣ್ಣು ಇನ್ನೂ ಐತೆ."