ಸರ್ಕಾರ ಕೊಟ್ಟ ಕಪ್

ಒಮಾನಿನ ಇಬ್ರಿಯಲ್ಲಿ ಶುಕ್ರವಾರ ಎನ್ನುವುದು ಬಹಳ ಉದ್ದದ ದಿನವಾಗಿತ್ತು. ಕ್ಲಿನಿಕ್‌ಗೆ ರಜೆ. ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿಗಳೂ ಮುಚ್ಚಿರುತ್ತಿದ್ದವು. ರಸ್ತೆಯಲ್ಲಿ ಒಂದು ಬೆಕ್ಕು ದಾಟಿದರೂ ನಾನು ಕಿಟಕಿಗೆ ಬಂದು ನೋಡುತ್ತಿದ್ದೆ. ಅಲ್ಲಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ನಾನು ಲ್ಯಾಬ್ ಟೆಕ್ನಿಶಿಯನ್. ಉಡುಪಿ ಕಡೆಯವಳು, ಮನೆಮಾತು ಕೊಂಕಣಿ, ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಊರಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಒಮಾನಿಗೆ ಬಂದಿದ್ದೆ. ಅಲ್ಲಿ ಕೇಳುವವರೇ ಇರಲಿಲ್ಲ, ಅದೂ ಒಂದು ಕಷ್ಟ. ಭಾನುವಾರವಿರಲಿ, ರಜೆಯ ದಿನವೆಂದು ಶುಕ್ರವಾರ ನಡೆಯುವ ಚರ್ಚಿನ ಪೂಜೆಗೆ ಹೋಗಬೇಕೆಂದರೂ ಸೊಹಾರಿನವರೆಗೆ ಯಾರದಾದರೂ ಗಾಡಿ ಹುಡುಕಬೇಕಿತ್ತು.

ಶುಕ್ರವಾರ ಸಂಜೆಯ ಥ್ರೋಬಾಲ್ ಇಲ್ಲದಿದ್ದರೆ ನಾನು ಆ ಊರಿನಲ್ಲಿ ಅಷ್ಟು ವರ್ಷ ಉಳಿಯುತ್ತಿದ್ದೆನೋ ಇಲ್ಲವೋ. ನರ್ಸ್‌ಗಳು ಬಾಡಿಗೆಗಿದ್ದ ವಿಲ್ಲಾದ ಅಂಗಳದಲ್ಲಿ, ಖರ್ಜೂರದ ಮರಕ್ಕೂ ನೀರಿನ ಟ್ಯಾಂಕಿಯ ಏಣಿಗೂ ನೆಟ್ ಕಟ್ಟಿ ಆಡುತ್ತಿದ್ದೆವು. ನೋಡಲು ವಾಲಿಬಾಲ್‌ನ ಹಾಗೆಯೇ, ಆದರೆ ಚೆಂಡನ್ನು ಹೊಡೆಯುವ ಬದಲು ಹಿಡಿದು ಎಸೆಯಬೇಕು. ನಮ್ಮ ಕರಾವಳಿಯ ಶಾಲೆಗಳಲ್ಲಿ ಓದಿದ ಯಾವ ಹೆಣ್ಣಿಗೂ ಇದನ್ನು ವಿವರಿಸಬೇಕಾಗಿಲ್ಲ. ಮೂವರು ನರ್ಸ್‌ಗಳು, ಇಬ್ಬರು ಟೀಚರ್‌ಗಳು, ನಾನು, ಮತ್ತೆ ನಮ್ಮ ಕ್ಯಾಪ್ಟನ್. ಏಳು ಜನ ಬೇಕಾದ ಆಟಕ್ಕೆ ಸರಿಯಾಗಿ ಏಳೇ ಜನ. ಒಬ್ಬಳಿಗೆ ಜ್ವರ ಬಂದರೆ ಆ ವಾರ ಆಟ ಖಲಾಸ್.

ಕ್ಯಾಪ್ಟನ್ ವಿಟ್ಲದ ಕಡೆಯ ಬ್ಯಾರಿ ಹೆಂಗಸು. ಪೇಟೆಯಲ್ಲಿ ಗಂಡನದು ಬಟ್ಟೆ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಇವಳದು ಹೊಲಿಗೆ. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ಅವಳು ಎಸೆದ ಚೆಂಡನ್ನು ಹಿಡಿದರೆ ಅಂಗೈ ತುಂಬಾ ಹೊತ್ತು ಉರಿಯುತ್ತಿತ್ತು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದಳು. ಇಡೀ ಇಬ್ರಿಯಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ.

ಒಮಾನಿನಲ್ಲಿರುವ ಕರಾವಳಿಯವರ ಸಂಘವೊಂದು ಪ್ರತಿ ಚಳಿಗಾಲದಲ್ಲಿ ಹೆಂಗಸರ ಥ್ರೋಬಾಲ್ ಪಂದ್ಯಾವಳಿ ನಡೆಸುತ್ತಿತ್ತು. ಊರೂರಿನ ತಂಡಗಳು ಒಬ್ಬರ ಊರಿಗೆ ಒಬ್ಬರು ಹೋಗಿ ಆಡುವುದು; ಕೊನೆಗೆ ಮಸ್ಕತ್ತಿನಲ್ಲಿ ಸಂಘದ ವಾರ್ಷಿಕೋತ್ಸವದ ದಿನ ಫೈನಲ್. ಇಷ್ಟರವರೆಗೆ ಸರಿ. ಆದರೆ ಫೈನಲ್ ಆಡುವ ಎರಡು ತಂಡಗಳು ಯಾವುವು ಎನ್ನುವುದನ್ನು ಗೆಲುವು ಸೋಲು ನೋಡಿ ಅಲ್ಲ, ಸಮಿತಿ ಕುಳಿತು ಆರಿಸುತ್ತಿತ್ತು. ಆಟದ ಗುಣಮಟ್ಟ, ಶಿಸ್ತು, ಸಂಘದ ಚಟುವಟಿಕೆಗಳಿಗೆ ಸಹಕಾರ ಎಂದು ಏನೇನೋ ನೋಡುತ್ತಿದ್ದರಂತೆ. ಸಮಿತಿಯವರೆಲ್ಲ ಗಂಡಸರು, ಥ್ರೋಬಾಲ್ ಮುಟ್ಟಿದವರಲ್ಲ. ಆಮಂತ್ರಣದ ಕೊನೆಯ ಸಾಲು ಮಾತ್ರ ವರ್ಷವರ್ಷವೂ ತಪ್ಪದೆ ಇರುತ್ತಿತ್ತು: ಸಮಿತಿಯ ತೀರ್ಮಾನವೇ ಅಂತಿಮ.

ಆ ವರ್ಷ ನನಗೆ ಆ ಫೈನಲ್ ಬೇಕಿತ್ತು. ರಕ್ತದ ಸ್ಯಾಂಪಲ್‌ಗಳನ್ನೆಲ್ಲ ಇನ್ನು ಮಸ್ಕತ್ತಿಗೇ ಕಳಿಸುತ್ತೇವೆ, ಜೂನ್‌ಗೆ ಲ್ಯಾಬ್ ಮುಚ್ಚುತ್ತೇವೆ ಎಂದು ಕಫೀಲ್, ಅಂದರೆ ನನಗೆ ವೀಸಾ ಕೊಡಿಸಿದ ಕ್ಲಿನಿಕ್ ಮಾಲೀಕರು, ಹೇಳಿದ್ದರು. ಒಳ್ಳೆಯ ಮನುಷ್ಯ, ಫೋನಿನಲ್ಲಿ ಹೇಳದೆ ಲ್ಯಾಬಿಗೇ ಬಂದು ಕುಳಿತು ಹೇಳಿದರು. ನನ್ನ ವೀಸಾ ಅಷ್ಟಕ್ಕೇ. ಅಂದರೆ ಅದು ನನ್ನ ಕೊನೆಯ ಚಳಿಗಾಲ. ಮಸ್ಕತ್ತಿನ ಆ ವಾರ್ಷಿಕೋತ್ಸವಕ್ಕೆ ನಾನು ಹಿಂದೆ ಎರಡು ಸಲ ಹೋಗಿದ್ದೆ. ಅಂಗಳದ ತುಂಬ ತುಳು, ಕೊಂಕಣಿ, ಬ್ಯಾರಿ ಭಾಷೆ; ನೀರುದೋಸೆಯ ಹತ್ತಿರ ನೂಕುನುಗ್ಗಲು; ಫೈನಲ್ ಆಡುವಾಗ ಒಬ್ಬ ಮೈಕಿನಲ್ಲಿ ಪ್ರತಿ ಆಟಗಾರ್ತಿಯ ಹೆಸರು ಹಿಡಿದು ಕೂಗುತ್ತಿದ್ದ. ಒಮ್ಮೆ ನನ್ನ ಹೆಸರನ್ನೂ ಹಾಗೆ ಕೂಗಬೇಕು, ನಮ್ಮವರೆಲ್ಲ ಚಪ್ಪಾಳೆ ತಟ್ಟಬೇಕು ಎಂದು ನನಗೆ ಆಸೆಯಿತ್ತು. ಚಿಕ್ಕ ಮಕ್ಕಳ ಆಸೆಯೇ ಸರಿ. ನಗುವವರು ನಗಲಿ.

ನಾವು ಆ ಸಲ ಸೊಹಾರಿನವರನ್ನು ಸೋಲಿಸಿದೆವು, ರುಸ್ತಾಕಿನವರನ್ನು ಸೋಲಿಸಿದೆವು, ಸುವೈಕಿಗೆ ಹೋಗಿ ಸುವೈಕಿನವರನ್ನು ಅವರ ಮನೆಯಂಗಳದಲ್ಲೇ ಸೋಲಿಸಿ ಬಂದೆವು. ಮಸ್ಕತ್ತಿನವರೂ ಯಾರಿಗೂ ಸೋತಿರಲಿಲ್ಲ, ಆದರೆ ಅವರಿಗೆ ನಮ್ಮ ಊರಿಗೆ ಬರಲು ಪುರುಸೊತ್ತಾಗಲಿಲ್ಲ. ಆಮೇಲೆ ಸಮಿತಿ ಕುಳಿತು ತೀರ್ಮಾನಿಸಿತು: ಫೈನಲ್ ಮಸ್ಕತ್ತಿಗೂ ಸುವೈಕಿಗೂ.

ಕ್ಯಾಪ್ಟನ್ ಹೊಲಿಗೆ ಮಿಷನ್ನಿನ ಮೇಲೆ ಮೊಬೈಲ್ ಇಟ್ಟು, ನಮಗೆಲ್ಲ ಕೇಳುವ ಹಾಗೆ ಸ್ಪೀಕರ್ ಹಾಕಿ, ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದಳು. ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು.

"ನೀವು ಆಡುದು ಚಂದವೇ, ಇಲ್ಲ ಅಂತ ನಾನು ಹೇಳುದಿಲ್ಲ," ಎಂದರು. "ಆದ್ರೆ ನೋಡಿ, ಸುವೈಕಿನವರು ಬಸ್ಸು ಮಾಡಿ ಜನ ತುಂಬಿಸ್ಕೊಂಡು ಬರ್ತಾರೆ. ಫೈನಲ್ ಅಂದ್ಮೇಲೆ ಜನ ಬೇಕಲ್ವಾ? ಇಬ್ರಿಯಿಂದ ನೋಡ್ಲಿಕ್ಕೆ ಯಾರು ಬರ್ತಾರೆ, ನೀವೇ ಹೇಳಿ."

ಅವರು ಹೇಳಿದ್ದು ನಿಜವೇ. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಸುಳ್ಳು ಹೇಳಿದವರ ಮೇಲೂ ಬರುವುದಿಲ್ಲ.

"ಸರಕಾರಕ್ಕೆ ಹೇಳುವ," ಎಂದಳು ಕ್ಯಾಪ್ಟನ್, ಫೋನ್ ಇಟ್ಟ ಕೂಡಲೆ. ಊರಿನಲ್ಲಿ ಕ್ರೀಡೆಯ ವಿಷಯ ನೋಡುವ ಸರ್ಕಾರಿ ಕಚೇರಿಯೊಂದಿತ್ತು. ಅಲ್ಲಿನ ಅಧಿಕಾರಿಯ ಮನೆಯವರು ಇವಳ ಹತ್ತಿರವೇ ಬಟ್ಟೆ ಹೊಲಿಸುವುದು.

ನನಗೆ ಅದು ಸರಿ ಕಾಣಲಿಲ್ಲ. ಸರ್ಕಾರಕ್ಕೆ ರಸ್ತೆ ಇದೆ, ನೀರಿದೆ, ಆಸ್ಪತ್ರೆ ಇದೆ. ಹೆಂಗಸರು ಎಸೆದಾಡುವ ಚೆಂಡಿನಲ್ಲಿ ಅದಕ್ಕೇನು ಕೆಲಸ? ಅದೂ ಅವರ ದೇಶದ ಸರ್ಕಾರ, ನಮ್ಮ ಜಗಳ. "ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತ ಕೇಳಿಲ್ವಾ?" ಎಂದೆ.

"ಲಾಭ ಎಂತದು ಬಾಯಿ? ಅವನಿಗೆ ನಮ್ಮ ಕಪ್ ತಗೊಂಡು ಎಂತ ಆಗ್ಬೇಕು?" ಎಂದಳು. "ಸೋತವರು ಫೈನಲ್ ಆಡುದು, ಗೆದ್ದವರು ಮನೆಯಲ್ಲಿ ಪಾತ್ರೆ ತೊಳೆಯುದು. ನಿಮಗೆ ಇದು ನ್ಯಾಯ ಅಂತ ಕಾಣ್ತದಾ?"

ಕಾಣುತ್ತಿರಲಿಲ್ಲ. ಟೀಚರ್‌ಗಳಿಬ್ಬರೂ ಇದು ನಮ್ಮ ಸಂಘದೊಳಗೇ ಮುಗಿಯಬೇಕಾದ ಮಾತು, ಹೊರಗೆ ಹಾಕಬಾರದು ಎಂದರು. ಅವರ ಮಾತೇ ಸರಿ ಎಂದು ನಾನು ತಲೆಯಾಡಿಸಿದೆ. ತಲೆಯಾಡಿಸಿ, ಮರುದಿನ ಕ್ಯಾಪ್ಟನ್ ಜೊತೆ ಕಚೇರಿಗೆ ಹೋದೆ. ಆಸೆ ಹತ್ತಿದವರಿಗೆ ಸರಿ ತಪ್ಪು ಗೊತ್ತಾಗುವುದು ಸ್ವಲ್ಪ ತಡವಾಗಿ.

ಅಧಿಕಾರಿ ನಮಗೆ ಅರಬರ ಕಾಫಿ ಕಹ್ವಾ ಕೊಟ್ಟರು, ಖರ್ಜೂರ ಕೊಟ್ಟರು, ಆಮೇಲೆ ಯಾವ ಆಟ ಎಂದು ಕೇಳಿದರು. ಥ್ರೋಬಾಲ್ ಎಂದೆವು. ವಾಲಿಬಾಲಾ ಎಂದರು. ಅಲ್ಲ, ಇದರಲ್ಲಿ ಚೆಂಡನ್ನು ಹಿಡಿಯುತ್ತೇವೆ ಎಂದು ಕ್ಯಾಪ್ಟನ್ ತನ್ನ ಅಂಗಡಿ ಅರಬಿಯಲ್ಲಿ ಹೇಳಿದಳು. ಹಿಡಿದರೆ ಫೌಲ್ ಅಲ್ಲವೇ ಎಂದರು. ಹಿಡಿಯದಿದ್ದರೆ ಫೌಲ್ ಎಂದಳು. ಅವರು ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡರು. ನಾನು ಎದ್ದುನಿಂತು ಮೇಜಿನ ಮೇಲಿದ್ದ ಕಾಗದವೊಂದನ್ನು ಉಂಡೆ ಮಾಡಿ ಕ್ಯಾಪ್ಟನ್ ಕಡೆ ಎಸೆದೆ, ಅವಳು ಹಿಡಿದು ನನಗೆ ಎಸೆದಳು. ಆ ಕಾಗದ ಬೇಕಾದದ್ದೋ ಬೇಡವಾದದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆಟ ಅರ್ಥವಾಯಿತೋ ಇಲ್ಲವೋ, ಜಗಳ ಅವರಿಗೆ ಸರಿಯಾಗಿ ಅರ್ಥವಾಯಿತು. "ನೀವು ಅವರನ್ನು ಸೋಲಿಸಿದ್ದೀರಿ. ಆದರೂ ಫೈನಲ್ ಅವರಿಗೆ?" ಎಂದು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕೇಳಿದರು. ಹೌದೆಂದೆವು. "ಮಾಫಿ ಮುಶ್ಕಿಲ್," ಎಂದರು, ಚಿಂತೆ ಬೇಡ ಎನ್ನುವ ಹಾಗೆ.

ವಾರದೊಳಗೆ ಸಂಘಕ್ಕೆ ಪತ್ರ ಹೋಯಿತು. ಸೋಲಿಲ್ಲದ ತಂಡಗಳೆರಡೂ ಇಬ್ರಿಯ ಸರ್ಕಾರಿ ಒಳಾಂಗಣ ಕ್ರೀಡಾಂಗಣದಲ್ಲಿ ಫೈನಲ್ ಆಡಬೇಕು, ತೀರ್ಪುಗಾರರನ್ನು ಕಚೇರಿಯೇ ಕೊಡುತ್ತದೆ ಎಂದು. ಮೊಹರು ನೋಡಿ ಸಮಿತಿಯವರು ಹೆದರಿದರು. ಮಸ್ಕತ್ತಿನ ತಂಡವನ್ನು ಕಳಿಸಲು ಒಪ್ಪಿದರು. ಆದರೆ ಪತ್ರದಲ್ಲಿ ಹೇಳಿದ ಶುಕ್ರವಾರ ವಾರ್ಷಿಕೋತ್ಸವದ್ದೇ ಶುಕ್ರವಾರ. ಅದನ್ನು ಅವರು ಮುಂದೂಡಲಿಲ್ಲ. ಹಾಲ್ ಬುಕ್ ಆಗಿದೆ, ಅಡುಗೆಯವರಿಗೆ ಹೇಳಿ ಆಗಿದೆ ಎಂದರು.

ನಾನು ಇಬ್ರಿಯಲ್ಲಿ ಇದ್ದಷ್ಟು ವರ್ಷವೂ ಅಂಥ ಚಂದದ ಕೋರ್ಟನ್ನು ಮೆಟ್ಟಿರಲಿಲ್ಲ. ಮರದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೆಟ್ ಎಲ್ಲೂ ಜೋತುಬಿದ್ದಿರಲಿಲ್ಲ. ಎರಡೂ ಕಡೆ ಛಾವಣಿಯವರೆಗೆ ನೀಲಿ ಕುರ್ಚಿಗಳ ಸಾಲು, ಅದರಲ್ಲಿ ಒಬ್ಬರೂ ಇಲ್ಲ. ನರ್ಸ್‌ಗಳ ಪರಿಚಯದವರು ಡ್ಯೂಟಿಯಲ್ಲಿದ್ದರು, ಟೀಚರ್‌ಗಳ ಗಂಡಂದಿರು ಮಕ್ಕಳನ್ನು ಕರೆದುಕೊಂಡು ಮಸ್ಕತ್ತಿನ ಊಟಕ್ಕೆ ಹೋಗಿದ್ದರು. ಕ್ಯಾಪ್ಟನ್ ಗಂಡ ನಮ್ಮನ್ನು ಬಾಗಿಲಿನವರೆಗೆ ಬಿಟ್ಟು, ಹೆಂಗಸರ ಆಟ ಎಂದು ಸಂಕೋಚದಿಂದ ಒಳಗೆ ಬರಲಿಲ್ಲ. ಅಧಿಕಾರಿಯೂ ಕೊನೆಗೆ ಕಪ್ ಕೊಡಲಿಕ್ಕಷ್ಟೇ ಬರುತ್ತೇನೆಂದರು. ನನ್ನ ಕಡೆಯಿಂದ ಬರಲು ಮೊದಲೇ ಯಾರೂ ಇರಲಿಲ್ಲ.

ರೆಫರಿ ಒಬ್ಬ ಒಮಾನಿ ಹೆಂಗಸು, ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್. ಅಬಾಯದ ಕೆಳಗೆ ಬಿಳಿ ಬೂಟು. ಪಾಪ, ಮೊಬೈಲಿನಲ್ಲಿ ನೋಡಿ ನಮ್ಮ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಆದರೂ ಆಟ ಶುರುವಾಗಿ ಕ್ಯಾಪ್ಟನ್ ಮೊದಲ ಚೆಂಡನ್ನು ಹಿಡಿದ ಕೂಡಲೆ ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟರು. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಆಸಿಫಾ, ಆಸಿಫಾ, ಎಂದು ಕ್ಷಮೆ ಕೇಳಿದರು. ಅದಾದ ಮೇಲೆ ಒಂದೇ ಒಂದು ತಪ್ಪು ತೀರ್ಪು ಕೊಡಲಿಲ್ಲ. ಅಷ್ಟು ನೇರವಾದ ಪಂದ್ಯವನ್ನು ನಾನು ಜೀವನದಲ್ಲಿ ಆಡಿಲ್ಲ.

ನಾವು ಗೆದ್ದೆವು. ಕೊನೆಯ ಸರ್ವಿಸ್ ನನ್ನದು. ಚೆಂಡು ಎರಡು ಹುಡುಗಿಯರ ನಡುವೆ ಬಿತ್ತು, ಒಬ್ಬಳು ಇನ್ನೊಬ್ಬಳು ಹಿಡಿಯುತ್ತಾಳೆಂದು ನೋಡುತ್ತಾ ನಿಂತಳು. ಬಿದ್ದ ಚೆಂಡು ಪುಟಿದು ಪುಟಿದು ಉರುಳಿ ಖಾಲಿ ಕುರ್ಚಿಗಳ ಹತ್ತಿರ ಹೋಗಿ ನಿಂತ ಸದ್ದು ಪೂರ್ತಿ ಕೇಳಿಸಿತು. ನಾವು ಏಳು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗಿದೆವು. ಕೂಗು ಛಾವಣಿಗೆ ಬಡಿದು ನಮ್ಮ ಕಿವಿಗೇ ಬಂತು. ಆಗ ನನಗೆ ನಾಚಿಕೆಯಾಯಿತು, ಯಾಕೆಂದು ಗೊತ್ತಿಲ್ಲ.

ಅಧಿಕಾರಿ ಬಂದು ಕಪ್ ಕೊಟ್ಟರು, ಫೋಟೋ ತೆಗೆಸಿಕೊಂಡರು, ಮಧ್ಯಾಹ್ನದ ನಮಾಜಿಗೆ ಹೊತ್ತಾಯಿತೆಂದು ಹೊರಟರು. ಅವರು ಕೊಟ್ಟ ಮಾತು ಕೊಟ್ಟ ಹಾಗೆ ನಡೆಸಿದ್ದರು. ಯಾರು ಗೆದ್ದರು ಎನ್ನುವುದನ್ನು ಸರ್ಕಾರ ಸರಿಯಾಗಿಯೇ ತೀರ್ಮಾನಿಸಿತು. ನೋಡುವವರನ್ನು ತಂದು ಕೂರಿಸುವುದು ಅದರ ಕೆಲಸವಲ್ಲ, ನಾವು ಅದನ್ನು ಕೇಳಿರಲೂ ಇಲ್ಲ.

ಹೊರಗೆ ಮಸ್ಕತ್ತಿನವರ ಮಿನಿಬಸ್ಸು ನಿಂತಿತ್ತು. ಅವರ ಕ್ಯಾಪ್ಟನ್, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಂಗಳೂರಿನ ಹೆಂಗಸು, ನಾನು ಒಂಟಿಯಾಗಿ ಬೂಟಿನ ದಾರ ಬಿಚ್ಚುತ್ತಿದ್ದುದನ್ನು ನೋಡಿ ಹತ್ತಿರ ಬಂದಳು.

"ಬಸ್ಸಲ್ಲಿ ಜಾಗ ಉಂಟು. ಪ್ರೋಗ್ರಾಮಿಗೆ ಬರ್ತೀರಾ? ಸಂಜೆ ಮುಗಿಯುವ ಮೊದ್ಲು ಮುಟ್ಟಬಹುದು."

"ಸೋತವರ ಬಸ್ಸಲ್ಲಿ ಗೆದ್ದವರು ಹೋಗುದಾ?" ಎಂದಳು ನಮ್ಮ ಕ್ಯಾಪ್ಟನ್, ಕಪ್ಪನ್ನು ಸೊಂಟಕ್ಕೆ ಒತ್ತಿಕೊಂಡು. "ಬೇಡ ಬಾಯಿ. ಮನೆಗೆ ಬನ್ನಿ, ಬಿರಿಯಾನಿ ಮಾಡ್ತೇನೆ."

ಅವಳ ಬಿರಿಯಾನಿಯ ರುಚಿ ನನಗೆ ಗೊತ್ತು. ಆದರೂ ನಾನು ಬಸ್ಸು ಹತ್ತಿದೆ. ಅವಳ ಮುಖ ಚಿಕ್ಕದಾದುದನ್ನು ಕಿಟಕಿಯಿಂದ ನೋಡಿದೆ. ಇಳಿಯಬೇಕೆನಿಸಿತು, ಇಳಿಯಲಿಲ್ಲ. ಇನ್ನೊಂದು ವಾರ್ಷಿಕೋತ್ಸವಕ್ಕೆ ನಾನು ಆ ದೇಶದಲ್ಲಿ ಇರುತ್ತಿರಲಿಲ್ಲ.

ನಾವು ತಲುಪುವಾಗ ಬಿಸಿಲು ಇಳಿದಿತ್ತು, ಹಾಲ್ ಭರ್ತಿಯಾಗಿತ್ತು. ವೇದಿಕೆಯ ಮೇಲೆ ಸುವೈಕಿನ ತಂಡ ಸಾಲಾಗಿ ನಿಂತಿತ್ತು. ಎದುರಾಳಿ ತಂಡ ಹಾಜರಿಲ್ಲದ ಕಾರಣ ಸುವೈಕಿನವರನ್ನು ಈ ಸಾಲಿನ ಚಾಂಪಿಯನ್ನರೆಂದು ಸಮಿತಿ ಘೋಷಿಸುತ್ತದೆ ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಹಾಜರಿಲ್ಲದ ಎದುರಾಳಿ ತಂಡ ನನ್ನ ಪಕ್ಕದಲ್ಲೇ, ಬಾಗಿಲ ಹತ್ತಿರ, ಚೀಲ ಹಿಡಿದು ನಿಂತಿತ್ತು. ಮಸ್ಕತ್ತಿನ ಕ್ಯಾಪ್ಟನ್ ನನ್ನ ಮುಖ ನೋಡಿದಳು, ನಾನು ಅವಳದು. ಇಬ್ಬರಿಗೂ ನಗು ಬಂತು. ಅವಳಿಗೆ ನಿಲ್ಲಲಿಲ್ಲ, ನನಗೆ ಬೇಗ ನಿಂತಿತು.

ಮೈಕಿನವನು ಒಬ್ಬೊಬ್ಬರ ಹೆಸರು ಕೂಗತೊಡಗಿದ. ಪ್ರತಿ ಹೆಸರಿಗೂ ಹಾಲ್ ಇಡೀ ಚಪ್ಪಾಳೆ. ಆ ಚಪ್ಪಾಳೆ ನಮ್ಮದು ಎಂದು ನನಗೆ ಗೊತ್ತಿತ್ತು. ಆದರೆ ಅಷ್ಟು ಜನರ ನಡುವೆ ಕೈಕಟ್ಟಿ ನಿಲ್ಲುವುದು ಆ ಖಾಲಿ ಕುರ್ಚಿಗಳ ಎದುರು ನಿಂತದ್ದಕ್ಕಿಂತ ಕಷ್ಟವಾಯಿತು. ನಾನೂ ತಟ್ಟಿದೆ. ಅಂಗೈ ಬೆಳಗಿನ ಆಟದಿಂದ ಇನ್ನೂ ಉರಿಯುತ್ತಿತ್ತು.

ಪಕ್ಕದ ಕುರ್ಚಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ಸರಿದು ನನಗೆ ಜಾಗ ಮಾಡಿಕೊಟ್ಟರು. ಕೊರಳಿನ ಶಿಲುಬೆ ನೋಡಿರಬೇಕು, "ನೀವು ಇಲ್ಲಿ ಎಲ್ಲಿ ಇರುದು ಬಾಯಿ?" ಎಂದು ಕೇಳಿದರು.

"ಇಬ್ರಿಯಲ್ಲಿ."

"ಅಷ್ಟು ದೂರವಾ? ಅಲ್ಲಿ ನಮ್ಮವರು ಯಾರಾದ್ರೂ ಇದ್ದಾರಾ?"

"ಇದ್ದೇವೆ," ಎಂದೆ. "ಒಂದು ಥ್ರೋಬಾಲ್ ಟೀಮಿಗೆ ಆಗುವಷ್ಟು ಇದ್ದೇವೆ."

ಅವರು ಸಂತೋಷಪಟ್ಟರು. ಜೂನ್ ಕಳೆದರೆ ಅಷ್ಟೂ ಇರುವುದಿಲ್ಲ ಎಂದು ನಾನು ಹೇಳಲಿಲ್ಲ.