ಮಂಜುಗಡ್ಡೆ ಮುಟ್ಟಿ ಬಂದ ಕೈ

2003ನೇ ಇಸವಿ. ಪುಣೆಯ ನಿಗಡಿಯಲ್ಲಿ ಒಂದು ಜಿಮ್‌ಗೆ ನಾನು ಮುಖ್ಯ ಟ್ರೇನರ್ ಆಗಿದ್ದೆ. ಶಾಲೆ ಬಿಟ್ಟಿದ್ದು ಏಳನೇ ಇಯತ್ತೆಗೆ. ಮುಂದಿನದನ್ನೆಲ್ಲ ಊರಿನ ಗರಡಿಯಲ್ಲಿ, ಆಮೇಲೆ ಪುಣೆಯ ತಾಲೀಮುಖಾನೆಗಳಲ್ಲಿ ಮೈ ದಂಡಿಸಿ ಕಲಿತೆ. ಹಾಗಂತ ನನ್ನನ್ನು ಕಡಿಮೆ ಎಣಿಸಬೇಡಿ. ಅಲ್ಲಿಯವರೆಗೆ ನನ್ನ ಕೈಕೆಳಗೆ ಒಬ್ಬರ ಸೊಂಟವೂ ಉಳುಕಿರಲಿಲ್ಲ.

ಗರಡಿಯ ಒಂದು ಪದ್ಧತಿಯನ್ನು ಜಿಮ್‌ಗೂ ತಂದಿದ್ದೆ. ಬಂದವರು ಮೊದಲು ಮಾರುತಿಯ ಫೋಟೋಕ್ಕೆ ಕೈ ಮುಗಿದು, ನಂತರ ನನ್ನ ಕೈಗೆ ಕೈ ಕೊಡಬೇಕು. ನೋಡುವವರಿಗೆ ಅದು ಶೇಕ್‌ಹ್ಯಾಂಡ್, ನನಗೆ ತಪಾಸಣೆ. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ನಡೆದಾಡಲು ಬಿಡುತ್ತಿದ್ದೆ. ಎದೆಯಲ್ಲಿ ಕಫ, ಹೊಟ್ಟೆ ಕೆಟ್ಟಿದ್ದು, ಮೈ ಬಿಸಿ ಎಂದರೆ ಬಾಗಿಲಿನಿಂದಲೇ ವಾಪಸ್. ಜ್ವರ ಮುಚ್ಚಿಟ್ಟವರನ್ನು ಅಂಗೈಯ ಬಿಸಿ ಹಿಡಿದುಕೊಡುತ್ತಿತ್ತು. ನನ್ನ ಕೈಯೇ ಥರ್ಮಾಮೀಟರ್ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ.

ಮಲ್ಲಪ್ಪ ಯಾದಗಿರಿ ಕಡೆಯ ಹುಡುಗ. ತಂದೆತಾಯಿ ಕಟ್ಟಡದ ಕೆಲಸಕ್ಕೆ ಬಂದವರು, ಇವನು ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕಾರ್ಮಿಕ. ಆ ಕಾರ್ಖಾನೆಯ ವೇಟ್‌ಲಿಫ್ಟಿಂಗ್ ತಂಡಕ್ಕೆ ಭಾನುವಾರ ಟ್ರಯಲ್ ಇತ್ತು. ಆಯ್ಕೆಯಾದರೆ ನೌಕರಿ ಪರ್ಮನೆಂಟ್. ವರ್ಷವಿಡೀ ಅವನು ಬೆವರು ಸುರಿಸಿದ್ದು ಅದಕ್ಕಾಗಿಯೇ.

ಗುರುವಾರ ಸಂಜೆ ಅವನ ಅಂಗೈ ಕಾದಿತ್ತು. ಮನೆಗೆ ಹೋಗಿ ಮಲಗು ಎಂದೆ.

"ಬೆವರು ಬಂದ್ರ ಇಳೀತದ್ರಿ ಸರ. ನಮ್ಮಪ್ಪ ಜ್ವರದಾಗೇ ಸ್ಲ್ಯಾಬ್ ಹಾಕ್ತಾನ."

"ನಿಮ್ಮಪ್ಪ ಹೊಟ್ಟಿಗಾಗಿ ಹಾಕ್ತಾನ, ಶಾಣ್ಯಾತನಕ್ಕಲ್ಲ. ನಡಿ."

ಡಂಬೆಲ್ ಎತ್ತುತ್ತಿದ್ದ ಸಾವಂತ ಎಂಬ ಅವನ ಮರಾಠಿ ಗೆಳೆಯ ಸುಮ್ಮನಿರಲಿಲ್ಲ. "ಕಾಯ್ ರೇ ಪೈಲವಾನ, ಘಾಬರ್ಲಾಸ್ ಕಾ?" ಎಂದು, ಹೆದರಿದೆಯೇನೋ ಎಂಬಂತೆ ಕೆಣಕಿದ. ಮಲ್ಲಪ್ಪ ತಲೆ ತಗ್ಗಿಸಿ ಹೊರಟುಹೋದ.

ಶುಕ್ರವಾರ ಮತ್ತೆ ಬಂದ. ಮಾರುತಿಗೆ ಕೈ ಮುಗಿದು ನನಗೆ ಕೈ ಕೊಟ್ಟ. ತಣ್ಣಗಿತ್ತು, ಸ್ವಲ್ಪ ಒದ್ದೆ. ನಲ್ಲಿಯಲ್ಲಿ ಕೈ ತೊಳೆದು ಬಂದಿರಬೇಕು ಎಂದುಕೊಂಡೆ. ಜ್ವರ ಬಿಟ್ಟಿತಲ್ಲ ಎಂದು ನನಗೇ ಖುಷಿ.

ಸ್ಕ್ವಾಟ್, ಅಂದರೆ ಹೆಗಲ ಮೇಲೆ ರಾಡ್ ಹೊತ್ತು ಕೂತು ಏಳುವ ವ್ಯಾಯಾಮ. ಆಸರೆಗೆ ನಾನು ಹಿಂದೆ ನಿಂತಿದ್ದೆ. ಮಲ್ಲಪ್ಪ ಕೂತ, ಏಳಲಿಲ್ಲ. ನಾನೂ ಸಾವಂತನೂ ರಾಡ್ ಎಳೆದು ಸ್ಟ್ಯಾಂಡಿಗೆ ಹಾಕುವಷ್ಟರಲ್ಲಿ ಅವನು ನೆಲಕ್ಕೆ ಒರಗಿದ್ದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ತಲೆ ಎತ್ತಿ ಹಿಡಿಯಲು ಕುತ್ತಿಗೆಗೆ ಕೈ ಹಾಕಿದೆ. ರೊಟ್ಟಿ ಹಂಚು ಮುಟ್ಟಿದ ಹಾಗಾಯಿತು. ಕೈ ತಣ್ಣಗೆ, ಕುತ್ತಿಗೆ ಬೆಂಕಿ. ಒಂದೇ ಮನುಷ್ಯನ ಮೈ ಹೀಗಿರುವುದು ಹೇಗೆಂದು ನನಗೆ ಹೊಳೆಯಲೇ ಇಲ್ಲ.

ಸಾವಂತನ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಇಸಿಜಿ ನೋಡಿದ ಡಾಕ್ಟರು ಮಯೋಕಾರ್ಡೈಟಿಸ್ ಇರಬೇಕೆಂದರು, ಮರುದಿನ ಅದೇ ಖಾತ್ರಿಯಾಯಿತು. ಜ್ವರ ತಂದ ವೈರಸ್ ಕೆಲವರಲ್ಲಿ ಹೃದಯದ ಸ್ನಾಯುವಿಗೂ ಇಳಿದು ಬಾವು ತರುತ್ತದಂತೆ. ಅಂಥ ಹೃದಯಕ್ಕೆ ಭಾರ ಹೊರಿಸಿದರೆ ಬಡಿತದ ಲಯವೇ ತಪ್ಪುತ್ತದೆ. ಹುಡುಗ ಉಳಿಯುತ್ತಾನೆ, ಇನ್ನೊಮ್ಮೆ ಎತ್ತಿದ್ದರೆ ಏನಾಗುತ್ತಿತ್ತೆಂದು ಮಾತ್ರ ಕೇಳಬೇಡಿ ಎಂದರು.

ಆದರೆ ನಿಜವಾದ ಏಟು ಬಿದ್ದದ್ದು ಜಿಮ್‌ಗೆ ಮರಳಿದ ಮೇಲೆ. ಬಾಗಿಲೆದುರು ಕಬ್ಬಿನ ರಸ ಮಾರುವವನು ಪೈಲವಾನ ಹೇಗಿದ್ದಾನೆಂದು ವಿಚಾರಿಸಿದ. ಶುಕ್ರವಾರ ಸಂಜೆ ಜಿಮ್‌ನೊಳಗೆ ಬರುವ ಮೊದಲು ಮಲ್ಲಪ್ಪ ರಸವನ್ನೂ ಕುಡಿಯದೆ, ಗೋಣಿಚೀಲ ಸರಿಸಿ ಮಂಜುಗಡ್ಡೆಯ ಮೇಲೆ ಬಲಗೈ ಊರಿಕೊಂಡು ಬಹಳ ಹೊತ್ತು ನಿಂತಿದ್ದನಂತೆ. ಸೆಖೆ ಇರಬೇಕೆಂದು ಇವನು ರಸ ಹಿಂಡುತ್ತಲೇ ಇದ್ದ. ನಾನು ಅಲ್ಲಿಂದಲೇ ಆಸ್ಪತ್ರೆಗೆ ತಿರುಗಿ ಹೊರಟೆ.

ಆಸ್ಪತ್ರೆಯಲ್ಲಿ ಕೇಳಿದಾಗ ಮಲ್ಲಪ್ಪ ಗೋಡೆ ನೋಡುತ್ತ ಹೇಳಿದ: "ನಿಮಗ ಬರೀ ಕೈ ತೋರಿಸೋದಿತ್ತಲ್ರಿ ಸರ."

ಆ ಭಾನುವಾರದ ಟ್ರಯಲ್ ಅವನಿಲ್ಲದೆ ನಡೆಯಿತು. ಜಾಗ ಬೇರೆಯವನಿಗೆ ಹೋಯಿತು.

ಆರೇಳು ತಿಂಗಳ ನಂತರ, ಡಾಕ್ಟರ ಒಪ್ಪಿಗೆ ಪಡೆದು ಮಲ್ಲಪ್ಪ ಜಿಮ್‌ಗೆ ಬಂದ. ಮಾರುತಿಗೆ ಕೈ ಮುಗಿದ. ರೂಢಿಯಂತೆ ನಾನು ಕೈ ಚಾಚಿದೆ. ಅವನು ಕೈ ಕೊಡದೆ, ಕಾಲರ್ ಹಿಂದೆ ಸರಿಸಿ ನನ್ನ ಮುಂದೆ ಕುತ್ತಿಗೆ ಬಗ್ಗಿಸಿ ನಿಂತ.

ಅಂದಿನಿಂದ ಇಂದಿನವರೆಗೆ ನಾನು ಕೈ ಮುಟ್ಟುವ ಮೊದಲು ಒಂದು ಮಾತು ಕೇಳುತ್ತೇನೆ: "ಈ ವಾರ ನಿಂದೇನದ?" ಟ್ರಯಲ್ ಅದ, ಪೊಲೀಸ್ ಭರ್ತಿ ಅದ, ಮದುವೆ ಅದ ಅಂದವರ ಕುತ್ತಿಗೆಯನ್ನು ಎರಡು ಸಲ ಮುಟ್ಟುತ್ತೇನೆ.